ಲಾ ಹುಡುಗ್ರು ಕೇಳೋ ಪ್ರಶ್ನೆಗೆ ನಾನು ಕೊಡೋ ಒಂದೇ ಹೆಸರು

ಲಾ ಓದೋ ಹುಡುಗ್ರು ಸಿಕ್ಕಾಗೆಲ್ಲ ಕೇಳೋದು ಒಂದೇ, ಸಾರ್ ಈ ಅಂತರರಾಷ್ಟ್ರೀಯ ಕಾನೂನು ಓದಿ ಏನ್ ಬಂತು, ದೊಡ್ಡ ದೇಶಗಳು ಹೇಳಿದ್ದೇ ಕಾನೂನಲ್ವಾ ಅಂತ. ನಾನು ಮೊಖ್ತಾರ್ ಕುಸುಮಾತ್ಮಜ ಅಂತೀನಿ. ಯಾರಿಗೂ ಗೊತ್ತಿರಲ್ಲ, ಹೆಸರು ಕೇಳಿ ಅರ್ಧ ಜನ ನಮ್ಮ ಕಡೆಯವ್ರು ಅನ್ಕೋತಾರೆ. ಇಂಡೋನೇಷ್ಯಾದವ್ರು ಕಣ್ರಪ್ಪಾ, 1929ರಲ್ಲಿ ಹುಟ್ಟಿದ್ದು, ಬಾಂಡುಂಗಿನ ಪಜಾಜರನ್ ಯೂನಿವರ್ಸಿಟೀಲಿ ಕಾನೂನು ಮೇಷ್ಟ್ರು.

1957ರ ಕಥೆ ನೋಡಿ. ಆಗ ಅಲ್ಲಿ ಇನ್ನೂ ಡಚ್ಚರ ಕಾಲದ 1939ರ ಕಾನೂನೇ ನಡೀತಿತ್ತು, ಪ್ರತಿ ದ್ವೀಪದ ಸುತ್ತ ಬರೀ 3 ನಾಟಿಕಲ್ ಮೈಲಿ, ಅಂದ್ರೆ ಸುಮಾರು ಐದೂವರೆ ಕಿಲೋಮೀಟರ್ ಅಷ್ಟೇ ಅವರದ್ದು, ಅದರಾಚೆ ಎಲ್ಲರ ಸಮುದ್ರ. ಹಾಗಾಗಿ ಜಾವಾ ಮತ್ತೆ ಬೋರ್ನಿಯೋ ಮಧ್ಯೆ ಡಚ್ ಯುದ್ಧನೌಕೆ ರಾಜಾರೋಷವಾಗಿ ಓಡಾಡಿದ್ರೂ ಕೇಳೋ ಹಾಗಿಲ್ಲ, ಅದೂ ಡಚ್ಚರು ಇನ್ನೂ ಬಿಟ್ಟುಕೊಡದೆ ಹಿಡ್ಕೊಂಡಿದ್ದ ಪಶ್ಚಿಮ ಪಾಪುವಾ ವಿಷಯಕ್ಕೆ ಇಬ್ಬರಿಗೂ ಜಗಳ ಹತ್ತಿ ಉರೀತಿರೋವಾಗ. ಇದಕ್ಕೆ ದಾರಿ ಹುಡುಕಿದವ್ರಲ್ಲಿ 28 ವರ್ಷದ ಮೊಖ್ತಾರ್ ಒಬ್ಬರು. ಐಡಿಯಾ ಸಿಂಪಲ್: ಹೊರಗಡೆ ದ್ವೀಪಗಳ ತುದಿಯಿಂದ ತುದಿಗೆ ಗೆರೆ ಎಳೀರಿ, ಒಳಗಿರೋ ನೀರೆಲ್ಲ ನಮ್ದು, ಗೆರೆಯಿಂದಾಚೆ ಇನ್ನೂ 12 ಮೈಲಿ ನಮ್ದು. ಡಿಸೆಂಬರ್ 13ಕ್ಕೆ ಪ್ರಧಾನಿ ಜುವಾಂಡಾ ಅದನ್ನೇ ಘೋಷಣೆ ಮಾಡಿದ್ರು. ಅವರ ಭಾಷೇಲಿ ತಾಯ್ನಾಡಿಗೆ 'ತಾನಾ ಆಯಿರ್' ಅಂತಾರೆ, ಮಣ್ಣು ನೀರು ಅಂತ ಅರ್ಥ, ಹಂಗಾಗಿ ಊರವ್ರಿಗೆ ಇದೇನು ಹೊಸದಾಗಿ ಕಂಡಿರಲಿಕ್ಕಿಲ್ಲ. ಅಮೆರಿಕಾ, ಬ್ರಿಟನ್ ಮಾತ್ರ ಒಪ್ಪಲಿಲ್ಲ.

ನಡುವೆ ಆಗಿನ ಅಧ್ಯಕ್ಷ ಸುಕರ್ನೋನ ಟೀಕೆ ಮಾಡಿದ್ದಕ್ಕೆ 1962ರಲ್ಲಿ ಮೇಷ್ಟ್ರ ಕೆಲಸ ಹೋಯ್ತು. ಸುಕರ್ನೋ ಜಾಗಕ್ಕೆ ಸುಹಾರ್ತೋ ಬಂದ್ಮೇಲೆ ವಾಪಸ್ ಬಂದ್ರು, 1974ರಲ್ಲಿ ಕಾನೂನು ಮಂತ್ರಿ, 1978ರಿಂದ 88ರವರೆಗೆ ವಿದೇಶಾಂಗ ಮಂತ್ರಿ.

ನನಗೆ ಇಷ್ಟ ಆಗೋದು ಅವರು ಚೌಕಾಸಿ ಮಾಡಿದ ರೀತಿ. ಹಾಶಿಮ್ ಜಲಾಲ್ ಥರದ ರಾಜತಾಂತ್ರಿಕರನ್ನ ಜೊತೆಗಿಟ್ಕೊಂಡು ವಿಶ್ವಸಂಸ್ಥೆ ಮಾತುಕತೆಗಳಲ್ಲಿ ವರ್ಷಗಟ್ಟಲೆ ಕೂತ್ರು, ನೀರು ನಮ್ದು, ಆದ್ರೆ ಹಾದು ಹೋಗೋ ಹಕ್ಕು ನಿಮ್ದು ಅಂತ ದೊಡ್ಡ ನೌಕಾಪಡೆಯವ್ರಿಗೆ ದಾರಿ ಬಿಟ್ಕೊಟ್ರು, ಗೆರೆ ಸಾಮಾನ್ಯವಾಗಿ 100 ಮೈಲಿ ದಾಟಬಾರದು, ಒಂದು ಪಾಲು ನೆಲಕ್ಕೆ ಒಂಬತ್ತು ಪಾಲು ನೀರಿಗಿಂತ ಹೆಚ್ಚಿರಬಾರದು ಅನ್ನೋ ಲೆಕ್ಕಾನೂ ಒಪ್ಪಿದ್ರು, ಕೊನೆಗೆ 1982ರ ಸಮುದ್ರ ಕಾನೂನು ಒಪ್ಪಂದದಲ್ಲಿ 'ದ್ವೀಪಸಮೂಹ ರಾಷ್ಟ್ರ' ಅಂತ ಒಂದು ಇಡೀ ಭಾಗಾನೇ ಸೇರ್ತು. ಗುಂಡು ಹಾರಿಸದೆ, 25 ವರ್ಷ. (ನಮಗೆ ಅಂಡಮಾನ್ ಇದ್ರೂ ಈ ಸವಲತ್ತಿಲ್ಲ, ಪೂರ್ತಿ ದ್ವೀಪಗಳೇ ಆಗಿರೋ ದೇಶಕ್ಕೆ ಮಾತ್ರ.)

ಇಷ್ಟು ಕೇಳಿ ಹುಡುಗ್ರು ಖುಷಿಯಾಗಿ ಎದ್ದು ಹೊರಡ್ತಾರೆ, ಆಗ ನಿಲ್ಲಿಸಿ ಇನ್ನೊಂದು ಹೇಳ್ತೀನಿ. ಪೂರ್ವ ಟಿಮೋರಿಗೆ 1975ರಲ್ಲಿ ಇಂಡೋನೇಷ್ಯಾ ಸೈನ್ಯ ನುಗ್ಗಿತು, ಅಲ್ಲಿ ಜನ ಸಾಯ್ತಿದ್ರೆ ಅದು ನಮ್ಮ ದೇಶದ್ದೇ ಭಾಗ ಅಂತ ಜಗತ್ತಿನ ಮುಂದೆ ವಾದ ಮಾಡ್ತಿದ್ದ ಸರ್ಕಾರದ ವಿದೇಶಾಂಗ ಮಂತ್ರಿನೂ ಇದೇ ಮೇಷ್ಟ್ರೇ. ಗೆರೆ ಎಳೆಯೋ ವಿದ್ಯೆ ಎರಡು ಕಡೆಗೂ ಬಳಕೆಯಾಯ್ತು, ನಾನಂತೂ ಇದನ್ನ ಮುಚ್ಚಿಡಲ್ಲ.

2021ರಲ್ಲಿ ತೀರ್ಕೊಂಡ್ರು. ಸಮುದ್ರ ಗಳಿಸಿಕೊಟ್ಟವರ ಹೆಸರನ್ನ ಬೆಟ್ಟಗಳ ಮಧ್ಯದ ಬಾಂಡುಂಗಿನ ಒಂದು ಫ್ಲೈಓವರಿಗೆ ಇಟ್ಟಿದಾರೆ. 2025ರ ನವೆಂಬರಲ್ಲಿ ರಾಷ್ಟ್ರವೀರ ಅಂತ ಪಟ್ಟಾನೂ ಸಿಕ್ತು, ಅದೇ ದಿನ ಅದೇ ಪಟ್ಟಿಲಿ ಸುಹಾರ್ತೋ ಹೆಸರೂ ಇತ್ತು.