ಉದಾರವಾಗಿದ್ದರೆ ಟೀಮಿನವರು ತಲೆ ಮೇಲೆ ಕೂರಲ್ವಾ?

ಟೀಮ್ ನಡೆಸುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ಎಲ್ಲರ ಕಷ್ಟಸುಖ ನೋಡಿಕೊಂಡು ಉದಾರವಾಗಿದ್ದರೆ ಜನ ತಲೆ ಮೇಲೆ ಕೂರಲ್ವಾ? ಅಷ್ಟಕ್ಕೂ ಅದಕ್ಕೆಲ್ಲ ಟೈಮ್ ಎಲ್ಲಿದೆ?

ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ನಿಜವಾದ ತೊಂದರೆ ಇರುವುದು ಅಲ್ಲೇ.

ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಹುಡುಗರನ್ನು ಭಾಷಣ ಮಾಡಲು ಒಂದು ಕಟ್ಟಡದಿಂದ ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ಬೇಕಾದಷ್ಟು ಸಮಯ ಇದೆ ಅಂತ ಹೇಳಿಸಿಕೊಂಡವರಲ್ಲಿ ಶೇ. 63ರಷ್ಟು ಮಂದಿ ನೆರವಿಗೆ ಬಂದರು. ಆಗಲೇ ತಡವಾಗಿದೆ ಅಂತ ಹೇಳಿಸಿಕೊಂಡವರಲ್ಲಿ ಬರೀ ಶೇ. 10. ತಮಾಷೆ ಅಂದ್ರೆ, ಅರ್ಧದಷ್ಟು ಜನ ಮಾತಾಡಬೇಕಿದ್ದದ್ದೇ ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಬೈಬಲ್ ಕಥೆಯ ಬಗ್ಗೆ!

ಅವರೇನು ಕೆಟ್ಟವರಲ್ಲ. ಅವಸರದಲ್ಲಿದ್ದರು, ಅಷ್ಟೇ. ಲೀಡರ್ ಆದವರ ದಿನವಿಡೀ ಹೀಗೇ ಅಲ್ವಾ? ಒಂದು ಮೀಟಿಂಗ್ ಮುಗಿಯುವ ಮೊದಲೇ ಇನ್ನೊಂದು. ನಡುವೆ ಯಾರೋ ಎರಡು ಸಲ ಬಾಯಿ ತೆರೆದು ಸುಮ್ಮನಾಗಿರುತ್ತಾರೆ, ಅದು ಕಣ್ಣಿಗೇ ಬಿದ್ದಿರುವುದಿಲ್ಲ. ಹಾಗಾಗಿ ಒಳ್ಳೆ ಮನಸ್ಸು ಬೆಳೆಸಿಕೊಳ್ಳಿ ಅನ್ನುವ ಉಪದೇಶದ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. ಎರಡು ಮೀಟಿಂಗ್ ನಡುವೆ ಹತ್ತು ನಿಮಿಷ ಖಾಲಿ ಬಿಡಿ. ಆ ಸುಮ್ಮನಾದವರ ಹತ್ತಿರ ಹೋಗಿ, 'ಏನೋ ಹೇಳೋಕೆ ಹೊರಟಿದ್ರಿ, ಏನದು?' ಅಂತ ಕೇಳಿ. ಟೀಮಿಗೆ ಆ ಹತ್ತು ನಿಮಿಷದಿಂದ ಆಗುವ ಉಪಕಾರ ಯಾವ ಪಾರ್ಟಿಯಿಂದಲೂ ಆಗಲ್ಲ.

ಇನ್ನೊಂದು ವಿಷಯ, ಮಾಡಿದ ಕೆಲಸದ ಶ್ರೇಯ ಯಾರಿಗೆ ಹೋಗುತ್ತದೆ ಅನ್ನುವುದು. ರಾಸ್ ಮತ್ತು ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯ ಕೆಲಸಗಳಲ್ಲಿ ನಿಮ್ಮ ಪಾಲೆಷ್ಟು ಅಂತ ಗಂಡ ಹೆಂಡತಿಯನ್ನು ಬೇರೆ ಬೇರೆಯಾಗಿ ಕೇಳಿದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಪಾಲೂ ಕೂಡಿದರೆ ಶೇ. 100 ದಾಟುತ್ತಿತ್ತು. ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ. ನಾವು ಪಟ್ಟ ಪಾಡು ನಮಗೆ ಪೂರ್ತಿ ನೆನಪಿರುತ್ತದೆ, ಬೇರೆಯವರದ್ದು ಕಣ್ಣಿಗೆ ಬಿದ್ದಷ್ಟೇ. ಲೀಡರ್ ವಿಷಯದಲ್ಲಿ ಇದು ಇನ್ನೂ ಅಪಾಯ, ಏಕೆಂದರೆ ಮೇಲಿನವರಿಗೆ ವರದಿ ಬರೆಯುವವರೂ ಅವರೇ. ರಾತ್ರಿ ಕೂತು ಲೆಕ್ಕ ತಾಳೆ ಹಾಕಿದವರ ಹೆಸರು ಅದರಲ್ಲಿ ಇರುವುದೇ ಇಲ್ಲ. ಕಳಿಸುವ ಮೊದಲು ಟೀಮಿಗೆ ಒಮ್ಮೆ ತೋರಿಸಿ, ಯಾರ ಕೆಲಸ ಬಿಟ್ಟುಹೋಗಿದೆ ಅಂತ ಕೇಳಿ. ಖರ್ಚಿಲ್ಲದ ಉದಾರತೆ ಇದು, ಆದರೂ ಮಾಡುವವರು ಕಡಿಮೆ.

ಸರಿ, ಈಗ ತಲೆ ಮೇಲೆ ಕೂರುವ ವಿಚಾರ. ಉದಾರತೆ ಅಂದ್ರೆ ಗಡುವು ಸಡಿಲ ಬಿಡುವುದಲ್ಲ. ಕಳಪೆ ಕೆಲಸಕ್ಕೆ ಭೇಷ್ ಅನ್ನುವುದಂತೂ ಅಲ್ಲವೇ ಅಲ್ಲ. ಪದೇ ಪದೇ ತಡ ಮಾಡುವವರಿಗೆ ಮೊದಲು ಕಾರಣ ಕೇಳಬೇಕು, ಆಮೇಲೆ ಇದು ನಡೆಯಲ್ಲ ಅಂತ ಮುಖಕ್ಕೇ ಹೇಳಬೇಕು. ಎರಡೂ ಬೇಕು. ಇಷ್ಟಾದರೂ ಒಬ್ಬರಿಬ್ಬರು ದುರುಪಯೋಗ ಮಾಡಿಕೊಂಡೇ ಮಾಡಿಕೊಳ್ಳುತ್ತಾರೆ. ಅವರನ್ನು ಪ್ರತ್ಯೇಕವಾಗಿ ಕೂರಿಸಿ ಮಾತಾಡಿ. ಅವರೊಬ್ಬರ ಸಲುವಾಗಿ ಇಡೀ ಟೀಮಿಗೆ ಹೊಸ ರೂಲ್ಸ್ ಹೊರಡಿಸಬೇಡಿ.