ವೃಷಭಾವತಿ ಮಣ್ಣಿನ ಕುಂಡಗಳು: ಅಲಸಂದೆ ಬೇರು ಬಿಡಿಸಿ ನೋಡಿದ ಮೇಲೆ

ಮಹಡಿ ಮೇಲಿನ ಕುಂಡಗಳ ಸುದ್ದಿ ಬರೆಯದೆ ಸುಮಾರು ದಿನ ಆಯ್ತು. ಹೊಸದಾಗಿ ಓದುವವರಿಗೆ: ಬೈರಮಂಗಲದ ಕಡೆ ವೃಷಭಾವತಿ ನೀರು ಹಾಯಿಸುವ ಒಂದು ಹೊಲದಿಂದ ಮಣ್ಣು ತಂದಿದ್ದೇನೆ. ಅದೇ ಊರಿನ ಮಳೆಯಾಶ್ರಿತ ಹೊಲದ ಮಣ್ಣೂ ಇದೆ. ಮೂರನೇ ಸಾಲಿನ ಕುಂಡಗಳಲ್ಲಿ ಈ ಮಳೆಹೊಲದ ಮಣ್ಣಿಗೇ ಯೂರಿಯಾ ಬೆರೆಸಿದ್ದೇನೆ. ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಎಲ್ಲಾ ಹೊತ್ತುಕೊಂಡು ಕೆಂಗೇರಿ, ಬಿಡದಿ ದಾಟಿ ಹೋಗುವ ನದಿ ಇದು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಇಂಥವು ಆ ಮಣ್ಣಿನಲ್ಲಿ ಉಳಿದರೆ ಬೆಳೆಗೇನು, ಸೂಕ್ಷ್ಮಜೀವಿಗಳಿಗೇನು ಅನ್ನೋದು ನನ್ನ ಪ್ರಶ್ನೆ.

ಮೊದಲು ದಂಟಿನ ಸೊಪ್ಪು. ನದಿ ಮಣ್ಣಿನ ದಂಟು ಮಳೆಹೊಲದ್ದಕ್ಕಿಂತ ಎತ್ತರ ಬಂತು, ಎಲೆ ಕಡುಹಸಿರು. ಮಣ್ಣು ಕೊಟ್ಟ ರೈತರು ಮೊದಲೇ ಹೇಳಿದ್ದರು, "ಗೊಬ್ಬರ ಏನೂ ಬೇಡ ಸಾರ್, ಎಲ್ಲಾ ನೀರಲ್ಲೇ ಬತ್ತದೆ" ಅಂತ. ಸುಳ್ಳಲ್ಲ. ಕೊಳಚೆ ನೀರಿನಲ್ಲಿ ಸಾರಜನಕ, ರಂಜಕ ಧಾರಾಳ. ಗಿಡ ನೋಡಿ ಮಣ್ಣು ಚೆನ್ನಾಗಿದೆ ಅಂದುಕೊಳ್ಳೋದು ಅದಕ್ಕೇ ಅಷ್ಟು ಸುಲಭ. ಯೂರಿಯಾ ಹಾಕಿದ ಕುಂಡದ ದಂಟೂ ಹಾಗೇ ಬಂದಿದೆ, ಪಕ್ಕಪಕ್ಕ ಇಟ್ಟರೆ ಗುರುತು ಹಿಡಿಯೋದು ಕಷ್ಟ.

ಗಿಡ ಒಣಗುವಷ್ಟು ಲೋಹ ಹೊಲದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಕ್ಯಾಡ್ಮಿಯಂ ರಾಸಾಯನಿಕವಾಗಿ ಸತುವನ್ನು ಹೋಲುತ್ತದೆ. ಬೇರು ಸತುವಿಗೆ ಇಟ್ಟ ದಾರಿಯಲ್ಲೇ ಇದೂ ಒಳಗೆ ನುಗ್ಗಿ ಎಲೆ ತಲುಪುತ್ತದೆ, ಸೊಪ್ಪನ್ನು ಎಷ್ಟು ತೊಳೆದರೂ ಹೋಗಲ್ಲ. ಸೀಸ ಹಾಗಲ್ಲ. ಅದರ ಬಹುಪಾಲು ಬೇರಲ್ಲೇ ನಿಲ್ಲುತ್ತದೆ, ಎಲೆ ಮೇಲೆ ಸಿಗುವುದರಲ್ಲಿ ಹಾರಿ ಕೂತ ಮಣ್ಣಿನ ಧೂಳೇ ಜಾಸ್ತಿ. ಜಪಾನಿನ ಜಿಂಜು ನದಿ ಬಯಲಲ್ಲಿ ಗಣಿಯ ಕ್ಯಾಡ್ಮಿಯಂ ಭತ್ತದ ಗದ್ದೆಗೆ ಸೇರಿ, ಅನ್ನ ಉಂಡವರ ಮೂಳೆ ಮುರಿಯುವ ಕಾಯಿಲೆ ಬಂತು. ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ ಅಲ್ಲಿ 2012ರವರೆಗೂ ನಡೆಯಿತು. ನಮ್ಮನೆಯಲ್ಲಿ ಅಮ್ಮನಿಗೆ ಆ ಸೊಪ್ಪಿನ ಮೇಲೆ ಕಣ್ಣಿತ್ತು. "ಇಷ್ಟು ಚೆನ್ನಾಗಿದೆ, ಬಸ್ಸಾರಿಗೆ ಆಗತ್ತಲ್ಲೋ" ಅಂದರು. ಕಿತ್ತದ್ದನ್ನೆಲ್ಲ ಒಣಗಿಸಿ ಚೀಲ ಕಟ್ಟಿಟ್ಟಿದ್ದೇನೆ. ಕಾಂಪೋಸ್ಟಿಗೂ ಹಾಕಿಲ್ಲ, ಕೊಳೆತರೂ ಲೋಹ ಅಲ್ಲೇ ಉಳಿಯುತ್ತದಲ್ವಾ.

ಇನ್ನು ಅಲಸಂದೆ. ಇಡೀ ಪ್ರಯೋಗದಲ್ಲಿ ನನಗೆ ಕುತೂಹಲ ಇದ್ದದ್ದೇ ಇದರ ಮೇಲೆ. ಹೂ ಬರುವ ಹೊತ್ತಿಗೆ ಕುಂಡ ಮಗುಚಿ, ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ಬೇರು ಬಿಡಿಸಿದೆ. ಮಳೆಹೊಲದ ಮಣ್ಣಿನ ಬೇರಿನಲ್ಲಿ ಮೆಣಸಿನಕಾಳು ಗಾತ್ರದ ಗಂಟುಗಳು, ಮುಖ್ಯ ಬೇರಿನ ಹತ್ತಿರವೇ ಗುಂಪಾಗಿ. ಹೆಬ್ಬೆರಳಿನಿಂದ ಉಜ್ಜಿದರೆ ಉದುರುತ್ತವೆ. (ಹಾಗೆ ಉದುರದೆ ಬೇರೇ ಊದಿಕೊಂಡಿದ್ದರೆ ಅದು ಜಂತುಹುಳದ ಗಂಟುರೋಗ, ಬೇರೆ ಕಥೆ.) ಬ್ಲೇಡಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಒಂದು ಪ್ರೋಟೀನಿನ ಬಣ್ಣ ಅದು. ಆ ಬಣ್ಣ ಇದ್ದರೆ ರೈಜೋಬಿಯಂ, ಅಂದರೆ ಗಂಟಿನೊಳಗಿದ್ದು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ, ಕೆಲಸ ಮಾಡುತ್ತಿದೆ ಅಂತ. ನದಿ ಮಣ್ಣಿನಲ್ಲಿ ಗಂಟು ಕಡಿಮೆ, ಸಾಸಿವೆಯಷ್ಟು ಸಣ್ಣವು, ಸೀಳಿದರೆ ಬಿಳಚಿಕೊಂಡಿವೆ.

ಇಂಗ್ಲೆಂಡಿನ ವೋಬರ್ನ್‌ನಲ್ಲಿ ಹೀಗೇ ಆಗಿತ್ತು. ಅಲ್ಲಿನ ಪ್ರಯೋಗದ ತಾಕುಗಳಿಗೆ 1942ರಿಂದ 1961ರವರೆಗೆ ಕೊಳಚೆ ಗಸಿ ಹಾಕಿದ್ದರು. ನಿಲ್ಲಿಸಿ ಎರಡು ದಶಕ ಕಳೆದ ಮೇಲೆ ಬಿಳಿ ಕ್ಲೋವರ್ (ಅಲಸಂದೆಯ ಹಾಗೇ ಬೇರಲ್ಲಿ ಗಂಟು ಕಟ್ಟುವ ಮೇವಿನ ಗಿಡ) ಬೆಳೆದು ನೋಡಿದರೆ ಗಂಟುಗಳು ಇದ್ದವು, ಆದರೆ ಸಾರಜನಕ ಹಿಡಿಯುತ್ತಿರಲಿಲ್ಲ. ಕೆಲಸಕ್ಕೆ ಬರುವ ರೈಜೋಬಿಯಂ ತಳಿಗಳು ಸತ್ತು, ಲೋಹ ತಡೆದುಕೊಳ್ಳುವ ನಿಷ್ಪ್ರಯೋಜಕ ತಳಿ ಉಳಿದುಕೊಂಡಿತ್ತು.

ಹಾಗಂತ ನನ್ನ ಕುಂಡದಲ್ಲೂ ಲೋಹದ್ದೇ ಕೆಲಸ ಅಂತ ಈಗಲೇ ಹೇಳೋಕಾಗಲ್ಲ. ಸಾರಜನಕ ಪುಕ್ಕಟೆ ಸಿಕ್ಕರೆ ಅಲಸಂದೆ ಗಂಟು ಕಟ್ಟುವ ಗೋಜಿಗೇ ಹೋಗಲ್ಲ. ಯೂರಿಯಾ ಕುಂಡ ಇಟ್ಟದ್ದು ಇದಕ್ಕೇ, ಅದರಲ್ಲೂ ಗಂಟು ಕಡಿಮೆಯೇ ಬಂದಿದೆ.

ನನಗೆ ಜಾಸ್ತಿ ನಂಬಿಕೆ ಹುಟ್ಟಿಸಿದ್ದು ಹಳೇ ಪಂಚೆ. ಒಂದೇ ಪಂಚೆಯನ್ನು ಪಟ್ಟಿ ಹರಿದು ಮೂರೂ ಮಣ್ಣಿನಲ್ಲಿ ಹೂತಿದ್ದೆ. ಹತ್ತಿಯನ್ನು ತಿನ್ನುವುದು ಮಣ್ಣಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳು. ಸಾರಜನಕ ಇದ್ದರೆ ಇನ್ನೂ ಬೇಗ ತಿನ್ನಬೇಕು. ಯೂರಿಯಾ ಕುಂಡದಲ್ಲಿ ನಾಲ್ಕು ಎಳೆ ಬಿಟ್ಟರೆ ಏನೂ ಉಳಿದಿಲ್ಲ. ಮಳೆಹೊಲದ್ದು ಜಾಲರಿಯಾಗಿದೆ. ನದಿ ಮಣ್ಣಿನದು ಅಂಚು ಸವೆದಿದೆ ಅಷ್ಟೆ, ಎಳೆದರೂ ಹರಿಯಲಿಲ್ಲ! ಅಷ್ಟು ಸಾರ ಇರುವ ಮಣ್ಣಿನಲ್ಲಿ ಬಟ್ಟೆ ಕೊಳೆಯುತ್ತಿಲ್ಲ ಅಂದರೆ ಜೀವಿಗಳನ್ನು ಏನೋ ತಡೆಯುತ್ತಿದೆ. ಲೋಹ ಇರಬಹುದು, ಉಪ್ಪಿನಂಶವೂ ಇರಬಹುದು. ಕೊಳಚೆ ನೀರಿನಲ್ಲಿ ಸೋಡಿಯಂ ಕಡಿಮೆಯೇನಲ್ಲ.

ಈಗ ನದಿ ಮಣ್ಣು, ಯೂರಿಯಾ ಮಣ್ಣು ಎರಡರಲ್ಲೂ ಮೇವಿನ ಜೋಳ ಒತ್ತಾಗಿ ಬಿತ್ತಿದ್ದೇನೆ. ಅದು ಸಾರಜನಕ ಹೀರಿದ ಮೇಲೆ ಮತ್ತೆ ಅಲಸಂದೆ. ಯೂರಿಯಾ ಕುಂಡದಲ್ಲಿ ಗುಲಾಬಿ ಗಂಟು ಬಂದು ನದಿ ಮಣ್ಣಿನಲ್ಲಿ ಬರದಿದ್ದರೆ ಸಾರಜನಕದ ಅನುಮಾನ ಹೋಗುತ್ತದೆ. ನದಿ ಮಣ್ಣಿನ ಅರ್ಧ ಕುಂಡಗಳಿಗೆ ಕೃಷಿ ಸುಣ್ಣ ಬೆರೆಸಿದ್ದೇನೆ. ಹುಳಿ ತಗ್ಗಿದರೆ ಕ್ಯಾಡ್ಮಿಯಂ ಮಣ್ಣಿಗೆ ಅಂಟಿಕೊಂಡು ಬೇರಿಗೆ ಅಷ್ಟಾಗಿ ಸಿಗುವುದಿಲ್ಲ. ಒಣಗಿಸಿಟ್ಟ ದಂಟು ಲ್ಯಾಬಿಗೆ ಹೋಗಬೇಕು. ಸೊಪ್ಪಿನಲ್ಲಿ ಕ್ಯಾಡ್ಮಿಯಂಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕೆಜಿಗೆ 0.2 ಮಿಲಿಗ್ರಾಂ. ಅದು ಹಸಿ ತೂಕದ ಲೆಕ್ಕ, ಅದಕ್ಕೇ ಒಣಗಿಸುವ ಮೊದಲೇ ತೂಕ ಬರೆದಿಟ್ಟುಕೊಂಡಿದ್ದೇನೆ.

ಬಿಡದಿ, ಬೈರಮಂಗಲದ ಕಡೆ ಯಾರದಾದರೂ ಹೊಲದಲ್ಲಿ ಅಲಸಂದೆಯೋ ಅವರೆಯೋ ಇದ್ದರೆ, ಒಂದು ಗಿಡ ಕಿತ್ತು ಗಂಟು ಸೀಳಿ, ಒಳಗಿನ ಬಣ್ಣದ ಫೋಟೋ ಕಳಿಸಿ. ಯಾವ ನೀರು ಹಾಯಿಸಿದ್ದು ಅಂತಲೂ ಬರೆಯಿರಿ.