ಮಂಡಕ್ಕಿ ಭಟ್ಟಿಯ ಚಿತ್ರ, ವಿಮರ್ಶೆಯ ದಿನ

ದಾವಣಗೆರೆಯಲ್ಲಿ ಚಿತ್ರಕಲೆ ಓದುವವರಿಗೆ ಮಂಡಕ್ಕಿ ಭಟ್ಟಿ ಹಳತಾಗದ ವಸ್ತು. ಮಸಿ ಹಿಡಿದ ಗೋಡೆ, ಒಲೆಯ ಬಾಯಿಯ ಕೆಂಪು, ಕಾದ ಮರಳಿನಲ್ಲಿ ಅರಳುವ ಬಿಳಿ, ಎಲ್ಲ ಒಂದೇ ಸೂರಿನಡಿ ಸಿಗುತ್ತವೆ. ಪೇಂಟಿಂಗ್ ವಿಭಾಗದ ಸ್ಟುಡಿಯೋದಲ್ಲಿ ಆ ದಿನ ವಿಮರ್ಶೆಗೆ ಇಟ್ಟದ್ದೂ ಅದೇ: ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಎಣ್ಣೆಬಣ್ಣದ ಕ್ಯಾನ್ವಾಸ್. ಚಿತ್ರ ಅರ್ಧ ಮಾತ್ರ ಆಗಿತ್ತು.

ಅರ್ಧದಲ್ಲೇ ಇಡಬೇಕು. ಮುಗಿಸಿ ಸಹಿ ಹಾಕಿದ ಚಿತ್ರದ ಮುಂದೆ ಬರೆದವರು ಸಮರ್ಥನೆಗೆ ನಿಲ್ಲುತ್ತಾರೆ, ನೋಡಿದವರು ‘ಚೆನ್ನಾಗಿದೆ’ ಎಂದು ದಾಟಿಬಿಡುತ್ತಾರೆ. ಬಣ್ಣ ಇನ್ನೂ ಬದಲಾಗಬಹುದಾದಾಗ ಆಡಿದ ಮಾತಿಗೆ ಮಾತ್ರ ಕೆಲಸವಿದೆ.

ಮೊದಲ ಹದಿನೈದು ನಿಮಿಷ ಬರೆದ ವಿದ್ಯಾರ್ಥಿನಿ ಮಾತಾಡುವಂತಿಲ್ಲ. ಉಳಿದವರು ಎಂಟು-ಹತ್ತು ಅಡಿ ಹಿಂದೆ ನಿಂತು, ಕಾಣುವುದನ್ನಷ್ಟೇ ಹೇಳಬೇಕು. ಅಮೆರಿಕದ ಕಲಾಶಿಕ್ಷಕ ಎಡ್ಮಂಡ್ ಬರ್ಕ್ ಫೆಲ್ಡ್‌ಮನ್ ಹಾಕಿಕೊಟ್ಟ ಕ್ರಮ ಇದು: ಮೊದಲು ವರ್ಣನೆ, ಆಮೇಲೆ ವಿಶ್ಲೇಷಣೆ, ಅರ್ಥ, ಕೊನೆಗೆ ತೀರ್ಪು. ನಮ್ಮ ಹುಡುಗರು ನೇರ ತೀರ್ಪಿಗೆ ಹಾರುತ್ತಾರೆ. ಅವರನ್ನು ವರ್ಣನೆಯಲ್ಲಿ ಹಿಡಿದು ನಿಲ್ಲಿಸುವುದೇ ಕಷ್ಟದ ಕೆಲಸ.

“ಮೊದ್ಲು ಕಣ್ಣು ಎಲ್ಲಿಗೆ ಹೋಯ್ತು?” ಎಂದು ಕೇಳಿದಾಗ ಹೆಚ್ಚಿನವರು ಹೇಳಿದ್ದು, “ಕಿಟಕಿಗೆ, ಸರ್.” ಬಲಗಡೆ ಮೇಲಿನ ಮೂಲೆಯಲ್ಲಿ ಅಂಗೈಯಗಲದ ಕಿಟಕಿ. ಚಿತ್ರ ಇರುವುದು ಜರಡಿ ಹಿಡಿದ ಹೆಂಗಸಿನದು, ಅವಳ ಕೈಗಳದು. ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದು ನೋಡಿದರೆ ಕಾರಣ ಎದ್ದು ಕಾಣುತ್ತಿತ್ತು. ಇಡೀ ಚಿತ್ರದಲ್ಲಿ ಅತಿ ಬೆಳಕು ಅತಿ ಕತ್ತಲನ್ನು ಮುಟ್ಟುವುದು ಕಿಟಕಿಯ ಅಂಚಿನಲ್ಲಿ, ಅದೂ ಚೂಪಾದ ಗೆರೆಯಲ್ಲಿ. ಕಣ್ಣು ಅಲ್ಲಿಗೇ ಹೋಗುತ್ತದೆ, ವಸ್ತು ಏನೇ ಇರಲಿ. ಫೋನ್ ಇಲ್ಲದಿದ್ದರೆ ಕಣ್ಣು ಕಿರಿದು ಮಾಡಿ ನೋಡಿದರೂ ಸಾಕು. ಚಿತ್ರದುರ್ಗದ ಕೋಟೆಯ ಬಂಡೆ ಬರೆಯುವವರ ತೊಂದರೆ ಇದಕ್ಕೆ ತಿರುವುಮುರುವು: ನಡುಮಧ್ಯಾಹ್ನದ ಬಿಸಿಲಲ್ಲಿ ಕಲ್ಲಿಗೆ ನೆರಳೇ ಉಳಿಯದೆ ಎಲ್ಲ ಒಂದೇ ನಡುಬೂದಿಯಾಗುತ್ತದೆ. ಅಲ್ಲಿಗೆ ಬೆಳಿಗ್ಗೆ ಬೇಗ ಹೋಗಬೇಕು.

ಆಮೇಲೆ ಸ್ಕೆಚ್ ಪುಸ್ತಕ ತೆರೆಸಿದೆವು. ವಿಮರ್ಶೆಗೆ ಕ್ಯಾನ್ವಾಸ್ ಒಂದನ್ನೇ ತರುವುದು ಅರ್ಧ ಕೆಲಸ. ಅಂಗೈಯಗಲದ ಕಿರುಚಿತ್ರಗಳಲ್ಲಿ ಒಂದರಲ್ಲಿ ಕಿಟಕಿಯೇ ಇರಲಿಲ್ಲ. ಹೆಂಗಸು, ಜರಡಿ, ಕೆಳಗಿನಿಂದ ಬರುವ ಒಲೆಯ ಬೆಳಕು, ಅಷ್ಟೇ. ಆ ಕಿರುಚಿತ್ರವನ್ನು ಯಾಕೆ ಕೈಬಿಟ್ಟಿದ್ದು ಎಂದರೆ, “ಜಾಗ ಯಾವ್ದು ಅಂತ ಗೊತ್ತಾಗಲ್ಲ ಅನ್ನಿಸ್ತು, ಸರ್.” ಮಸಿ ಮತ್ತು ಜರಡಿ ಆ ಕೆಲಸವನ್ನು ಆಗಲೇ ಮಾಡಿದ್ದವು. ಆ ಕಿರುಚಿತ್ರ ದೊಡ್ಡದಕ್ಕಿಂತ ಗಟ್ಟಿಯಾಗಿತ್ತು.

ಕತ್ತಲಿನ ಬಗ್ಗೆ ಹೆಚ್ಚು ಹೊತ್ತು ಮಾತಾಯಿತು. ಮಸಿ ಎಂದಕೂಡಲೇ ಟ್ಯೂಬಿನ ಕಪ್ಪು ಬಳಿಯುವ ಅಭ್ಯಾಸ ಎಲ್ಲರಿಗೂ ಇದೆ. ಐವರಿ ಬ್ಲ್ಯಾಕ್ ತುಂಬ ಎಣ್ಣೆ ಕುಡಿಯುವ, ನಿಧಾನ ಒಣಗುವ ಬಣ್ಣ. ಅದನ್ನು ದಪ್ಪಗೆ ಕೆಳಪದರವಾಗಿ ಹಾಕಿ, ಮೇಲೆ ಬೇಗ ಒಣಗುವ ಅಂಬರ್ (ಕಂದು ಮಣ್ಣುಬಣ್ಣ) ಬಳಿದರೆ, ಮೇಲಿನದು ಬಿಗಿದುಕೊಂಡ ಮೇಲೂ ಕೆಳಗಿನದು ಅಲುಗುತ್ತಿರುತ್ತದೆ. ಬಿರುಕು ಬರುವುದು ಹೀಗೆ. ಬರ್ನ್ಟ್ ಅಂಬರ್‌ಗೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಕಪ್ಪಿಗೆ ಹತ್ತಿರದ ಕತ್ತಲು ಸಿಗುತ್ತದೆ. ಅಂಬರ್ ಹೆಚ್ಚಿಸಿದರೆ ಬೆಚ್ಚಗೆ, ನೀಲಿ ಹೆಚ್ಚಿಸಿದರೆ ತಣ್ಣಗೆ. ಒಲೆಯ ಬಳಿಯ ಗೋಡೆಗೆ ಮೊದಲನೆಯದು, ದೂರದ ಮೂಲೆಗೆ ಎರಡನೆಯದು. ಮೊದಲ ಪದರ ಟರ್ಪೆಂಟೈನ್‌ನಲ್ಲಿ ತೆಳುವಾಗಿರಲಿ, ಮೇಲೆ ಹೋದಂತೆ ಎಣ್ಣೆ ಹೆಚ್ಚಲಿ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣದ ಮೇಲೆ ಎಣ್ಣೆಬಣ್ಣ ಕೂರುತ್ತದೆ. ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಸಿಪ್ಪೆ ಏಳುತ್ತದೆ.

ಗೋಡೆಯ ಒಂದು ಭಾಗ ಬಿಳಿಚಿಕೊಂಡಿದೆ, ಇನ್ನಷ್ಟು ಕಪ್ಪು ಬೇಕು ಎಂದರು ಕೆಲವರು. ಬೇಕಿರಲಿಲ್ಲ. ಕ್ಯಾನ್ವಾಸಿಗೆ ಮೊದಲೇ ಬಳಿದ ಪ್ರೈಮರ್ ಎಣ್ಣೆ ಹೀರಿದ್ದರಿಂದ ಬಣ್ಣ ಮಂಕಾಗಿತ್ತು, ಅಷ್ಟೇ. ಒಣಗಿದ ಮೇಲ್ಮೈಗೆ ಲಿನ್ಸೀಡ್ (ಅಗಸೆ) ಎಣ್ಣೆಯನ್ನು ಟರ್ಪೆಂಟೈನ್‌ನಲ್ಲಿ ತೆಳು ಮಾಡಿ ಬಟ್ಟೆಯಲ್ಲಿ ಸವರಿ, ಹೆಚ್ಚಿದ್ದನ್ನು ಪೂರಾ ಒರೆಸಿದಾಗ ಅದೇ ಕತ್ತಲು ಆಳವಾಗಿ ಮರಳಿತು. ಕತ್ತಲು ಸಾಲದು ಎನ್ನುವ ಮೊದಲು ಇದನ್ನು ಮಾಡಿ ನೋಡಲೇಬೇಕು. ಇಲ್ಲವಾದರೆ ಪದರದ ಮೇಲೆ ಪದರ ಬಿದ್ದು ಚಿತ್ರ ಉಸಿರುಗಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಲಿನ್ಸೀಡ್ ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಬೇಕು.

ಮಂಡಕ್ಕಿಯ ರಾಶಿಗೆ ವಿದ್ಯಾರ್ಥಿನಿ ಎಲ್ಲ ಕಡೆ ಟ್ಯೂಬಿನ ಬಿಳಿಯನ್ನೇ ಹಾಕಿದ್ದಳು. ಬೆಂಕಿಯ ಕಡೆಯ ಬಿಳಿಗೆ ಹಳದಿ-ಕಿತ್ತಳೆ ಬೇಕು, ನೆರಳಿನ ಕಡೆಗೆ ನೀಲಿಬೂದಿ. ಶುದ್ಧ ಬಿಳಿ ಒಂದೆರಡು ಕಾಳಿಗೆ ಸಾಕು, ಅದೂ ಜರಡಿ ಹಿಡಿದ ಹೆಂಗಸಿನ ಬೆರಳ ಪಕ್ಕದಲ್ಲಿ.

ಕೊನೆಗೆ ಬರೆದವಳ ಸರದಿ. ಕಿಟಕಿ ತೆಗೆದುಬಿಡುವುದಕ್ಕಿಂತ ಮಸಿ ಕವಿದ ಗಾಜಿನ ಹಾಗೆ ಮಾಡುತ್ತೇನೆ ಎಂದಳು. ಅದು ನಮ್ಮ ಯಾರ ಸಲಹೆಯೂ ಆಗಿರಲಿಲ್ಲ, ಎಲ್ಲಕ್ಕಿಂತ ಒಳ್ಳೆಯದಾಗಿತ್ತು. ಅಂಚು ಮೆತ್ತಗೆ ಮಾಡಿ, ಅಂಬರ್‌ನ ತೆಳು ಗ್ಲೇಜ್ (ಪಾರದರ್ಶಕ ಪದರ) ಎಳೆದರೆ ಆಗುತ್ತದೆ. ಅವಸರ ಮಾತ್ರ ಬೇಡ: ಅಂಬರ್ ಬಳಿದ ಗೋಡೆ ಬೇಗ ಒಣಗುತ್ತದೆ, ಕಿಟಕಿಯ ಟೈಟೇನಿಯಂ ಬಿಳಿಗೆ ವಾರ ಅಥವಾ ಹೆಚ್ಚೇ ಬೇಕು. ಬೆರಳಿಗೆ ಅಂಟುತ್ತಿರುವಾಗಲೇ ಗ್ಲೇಜ್ ಹಾಕಿದರೆ ಕೆಳಗಿನ ಬಿಳಿ ಎದ್ದು ಬಂದು ಎಲ್ಲ ಕೆಸರಾಗುತ್ತದೆ.